ಬೇಲಿ ಜುಮ್ ಅಂದಾಗ

ಕೇಳುಗರಿಗೆ ನಮಸ್ಕಾರ.

ಮದ್ದೂರಿನ ಕಡೆ ನಮ್ಮ ಸೋದರತ್ತೆ ಮನೆ. ಹಿತ್ತಲ ಆಚೆ ಕಬ್ಬಿನ ಗದ್ದೆ, ಗದ್ದೆ ಮೇಲೆ ಕರೆಂಟಿನ ಟವರ್ ಲೈನು. ಮಂಜು ಬಿದ್ದ ಬೆಳಗ್ಗೆ ಅಲ್ಲಿ ನಿಂತರೆ ತಂತಿ ಚರಚರ ಅನ್ನುತ್ತದೆ. ಕೆಳಗಿನ ಬೇಲಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ. ಅತ್ತೆ ಕೇಳಿದರು: "ಬೇಲೀಗೇ ಹಿಂಗ್ ಮಾಡ್ತದಲ್ಲ ಮಗ, ಮಕ್ಕಳ ಮೈಗೇನೂ ಮಾಡಲ್ವಾ?"

ನ್ಯಾಯವಾದ ಪ್ರಶ್ನೆ. ಕಣ್ಣಿಗೆ ಕಾಣದ್ದು ಕಿವಿಗೂ ಬೆರಳಿಗೂ ಗೊತ್ತಾದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ?

ಕರೆಂಟು ಮಂಡ್ಯದವರಿಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಿದ್ದರು. ಆರೋಗ್ಯದ ಭಯ ಬಂದದ್ದು ಆಮೇಲೆ. 1979ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಇಬ್ಬರು ಸಂಶೋಧಕರು, ಹೆಚ್ಚು ಕರೆಂಟ್ ಹರಿಯುವ ತಂತಿಗಳ ಹತ್ತಿರದ ಮನೆಗಳಿಗೂ ಮಕ್ಕಳ ಕ್ಯಾನ್ಸರಿಗೂ ನಂಟು ಕಾಣುತ್ತದೆ ಅಂದರು. ನಂತರದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನೆಯೊಳಗಿನ ಕಾಂತಕ್ಷೇತ್ರ, ಅಂದರೆ ಕರೆಂಟ್ ಹರಿಯುವಾಗ ತಂತಿಯ ಸುತ್ತ ಹುಟ್ಟುವ ಅಯಸ್ಕಾಂತದಂಥ ಪ್ರಭಾವ, ಸರಾಸರಿ 0.4 ಮೈಕ್ರೋಟೆಸ್ಲಾ (ಅದನ್ನು ಅಳೆಯುವ ಮಾನ) ದಾಟಿದ ಕಡೆ ಮಕ್ಕಳ ರಕ್ತದ ಕ್ಯಾನ್ಸರ್ ಸುಮಾರು ಎರಡು ಪಟ್ಟು ಕಂಡಿತು. ಅಂಥ ಮನೆಗಳು ಬಹಳ ಕಡಿಮೆ. ತಂತಿಯೇ ಕಾರಣ ಅಂತ ಸಾಬೀತಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ 2002ರಲ್ಲಿ ಹೇಳಿದ್ದು ಇಷ್ಟೇ: ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು.

ಈ "ಇರಬಹುದು" ನಮ್ಮ ಜಗಲಿಗೆ ಬರುವಷ್ಟರಲ್ಲಿ "ಇದೆ" ಆಗುತ್ತದೆ. ಕರೆಂಟ್ ಆಫೀಸಿನ ಮೇಜಿನ ಮೇಲೆ "ಇಲ್ಲ" ಆಗುತ್ತದೆ. ಎರಡೂ ತಪ್ಪು.

ಭಯಕ್ಕೆ ಇನ್ನೊಂದು ಬೇರಿದೆ. ನಾವೇ ಬಯಸಿ ತಂದುಕೊಂಡದ್ದಕ್ಕಿಂತ, ಕೇಳದೆ ತಲೆ ಮೇಲೆ ಬಂದದ್ದಕ್ಕೆ ಮನುಷ್ಯ ಜಾಸ್ತಿ ಹೆದರುತ್ತಾನೆ. ಅತ್ತೆಯ ಗದ್ದೆಯಲ್ಲಿ ಒಂದು ದಿನ ಯಾರೋ ಬಂದು ಗೂಟ ಹೊಡೆದು ಹೋದರು. ಯಾಕೆ ಅಂತ ಹೇಳಿದ್ದು ಆಮೇಲೆ.

ಅದಕ್ಕೂ ಮೊದಲು, ಪಕ್ಕದ ಹೊಲದಲ್ಲಿ ಕಂಬದ ಲೈನು ಜೋತುಬಿದ್ದಿತ್ತು. ದೂರು ಕೊಟ್ಟರು. ಕರೆಂಟ್ ಆಫೀಸಿನವರು "ಏನೂ ಆಗಲ್ಲ" ಅಂದರು. ಒಂದು ಮಳೆಗೆ ತಂತಿ ಕಡಿದು ಬಿತ್ತು, ಎತ್ತು ಸತ್ತಿತು. ನೊಗದ ಕಣ್ಣಿ ಇನ್ನೂ ಕೊಟ್ಟಿಗೆಯಲ್ಲಿ ನೇತಾಡುತ್ತಿದೆ. ಈಗ ಅದೇ ಬಾಯಿಂದ ಬರುವ "ಏನೂ ಆಗಲ್ಲ" ಅನ್ನೋ ಮಾತನ್ನು ಅತ್ತೆ ಹೇಗೆ ನಂಬಬೇಕು?

ಕಾಂತಕ್ಷೇತ್ರ ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ತಂತಿಯಿಂದ ದೂರ ಹೋದಂತೆ ಅದರ ಅಂಕಿ ಬೇಗ ಇಳಿಯುತ್ತದೆ. ಅದನ್ನು ಹಿಡಿದು ಅಧಿಕಾರಿಗಳು ಮನೆಗೆ ಬರಲಿ. ಬೇಲಿ ಹತ್ತಿರ ಅಳೆಯಲಿ, ಆಮೇಲೆ ಮಕ್ಕಳು ಮಲಗುವ ಮಂಚದ ಹತ್ತಿರ ಅಳೆಯಲಿ. ಅಂಕಿಯನ್ನು ಅತ್ತೆಯ ಕಣ್ಣಿಗೇ ತೋರಿಸಲಿ.

ನಮಸ್ಕಾರ.