ನೇರಳೆ ಎಲ್ಲಿ ಹೋಯಿತು?

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಈಗಷ್ಟೇ ‘ಇವರು ಬೀಜಿಂಗಿನ ನಿಷೇಧಿತ ನಗರದ ಬಗ್ಗೆ ಮಾತಾಡುತ್ತಾರೆ’ ಎಂದರು. ನನ್ನ ತಕರಾರು ಅಲ್ಲಿಂದಲೇ ಶುರು. ಅವರನ್ನು ದೂರುತ್ತಿಲ್ಲ. ನಮ್ಮ ಪತ್ರಿಕೆಗಳು, ಟೂರ್ ಕಂಪನಿಗಳು ಎಲ್ಲರೂ ಹಾಗೇ ಬರೆಯುತ್ತಾರೆ. ಇಂಗ್ಲಿಷಿನವರು ‘ಫರ್ಬಿಡನ್ ಸಿಟಿ’ ಎಂದರು, ನಾವು ಅದನ್ನೇ ಕನ್ನಡಕ್ಕೆ ಇಳಿಸಿಕೊಂಡೆವು. ಚೀನೀ ಭಾಷೆಯಲ್ಲಿ ಆ ಅರಮನೆಯ ಹೆಸರು ಜಿಜಿನ್‌ಚೆಂಗ್. ಜಿ ಅಂದರೆ ನೇರಳೆ. ಜಿನ್ ಅಂದರೆ ನಿಷೇಧ. ಚೆಂಗ್ ಅಂದರೆ ಸುತ್ತ ಗೋಡೆ ಇರುವ ಊರು. ಮೂರು ಮಾತಿನ ಹೆಸರಿನಲ್ಲಿ ಮೊದಲನೆಯದೇ ದಾರಿಯಲ್ಲಿ ಬಿದ್ದುಹೋಗಿದೆ. ಇವತ್ತು ಅದನ್ನು ಹುಡುಕೋಣ.

ಅರಮನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಗೋಡೆಗಳೆಲ್ಲ ಕೆಂಪು, ಹೆಂಚುಗಳು ಹೊಳೆಯುವ ಹಳದಿ. ವೆನ್‌ಯುವಾನ್‌ಗೆ ಅನ್ನುವ ಗ್ರಂಥಾಲಯಕ್ಕೆ ಮಾತ್ರ ಕಪ್ಪು ಹೆಂಚು, ಅಂಚಿಗೆ ಹಸಿರು. ಕಪ್ಪು ನೀರಿನ ಬಣ್ಣ ಅಂತ ಅವರ ಲೆಕ್ಕ. ಪುಸ್ತಕ ಇರುವ ಜಾಗ, ಬೆಂಕಿ ಹತ್ತಿರ ಸುಳಿಯದಿರಲಿ ಅಂತ. ಸರಿ, ನೇರಳೆ ಎಲ್ಲಿ? ತಲೆ ಎತ್ತಿ ನೋಡಬೇಕು.

ಹಳೆಯ ಚೀನೀ ಜ್ಯೋತಿಷಿಗಳು ಉತ್ತರದ ಆಕಾಶದ ನಡುಭಾಗಕ್ಕೆ ಜಿವೇಯ್ ಆವರಣ ಎಂದು ಹೆಸರಿಟ್ಟಿದ್ದರು. ಇಲ್ಲಿನ ‘ಜಿ’ ಅದೇ ನೇರಳೆ. ಧ್ರುವದ ಸುತ್ತ ನಕ್ಷತ್ರಗಳ ಎರಡು ಬಾಗಿದ ಸಾಲು. ಪೂರ್ವದ ಗೋಡೆಯಲ್ಲಿ 8, ಪಶ್ಚಿಮದ ಗೋಡೆಯಲ್ಲಿ 7. ಆ ಗೋಡೆಯ ನಕ್ಷತ್ರಗಳಿಗೆ ಮಂತ್ರಿ, ಕಾವಲುಗಾರ ಅಂತೆಲ್ಲ ಹೆಸರು. ಒಳಗೆ ಚಕ್ರವರ್ತಿ, ಯುವರಾಜ, ಅಂತಃಪುರದ ರಾಣಿ. ಆಕಾಶದ ದೊರೆ ವಾಸಿಸುವ ಅರಮನೆ ಅದು. ಬೀಜಿಂಗಿನ ಅರಮನೆಯ ಹೆಸರಿಗೆ ನೇರಳೆ ಬಂದದ್ದು ಅಲ್ಲಿಂದ. ಉಳಿದ ಆಕಾಶವೆಲ್ಲ ಅದರ ಸುತ್ತ ತಿರುಗುತ್ತದೆ, ಅದು ಮಾತ್ರ ಕದಲುವುದಿಲ್ಲ. ಒಳ್ಳೆಯ ದೊರೆ ಉತ್ತರದ ನಕ್ಷತ್ರದ ಹಾಗೆ ತನ್ನ ಜಾಗದಲ್ಲೇ ಇರುತ್ತಾನೆ, ಮಿಕ್ಕವೆಲ್ಲ ಅವನತ್ತ ತಿರುಗುತ್ತವೆ ಅಂತ ಕನ್‌ಫ್ಯೂಷಿಯಸ್ ಕೂಡ ಹೇಳಿದ್ದಾನೆ.

ನಮಗೆ ಇದು ಹೊಸದೇನಲ್ಲ. ಅಪ್ಪನ ತೊಡೆಯಿಂದ ಇಳಿಸಿಕೊಂಡ ಹುಡುಗ ಯಾರೂ ಇಳಿಸಲಾಗದ ಜಾಗ ಹಿಡಿದ ಕಥೆ ಕೇಳಿಯೇ ಬೆಳೆದವರು ನಾವು. ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಛತ್ರದ ಹೊರಗೆ ಕರೆದುಕೊಂಡು ಹೋಗಿ ‘ಕಾಣಿಸ್ತಾ?’ ಅಂತಾರೆ, ನಾವೂ ‘ಕಾಣಿಸ್ತು’ ಅಂದುಬಿಡುತ್ತೇವೆ. ಅಲ್ವಾ?

ಒಂದು ತಮಾಷೆ ಇದೆ. ಆ ಕದಲದ ನಕ್ಷತ್ರ ಕದಲುತ್ತದೆ! ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಮ್ಮೆ ಒಂದು ಸುತ್ತು ಓಲಾಡುತ್ತದೆ. ಚೀನೀಯರು ‘ಚಕ್ರವರ್ತಿ’ ಎಂದು ಕರೆದದ್ದು ಇವತ್ತು ಕೊಚಾಬ್ ಅನ್ನುವ ಕಿತ್ತಳೆ ಛಾಯೆಯ ನಕ್ಷತ್ರವನ್ನು. ಕ್ರಿಸ್ತಪೂರ್ವ 1000ದ ಆಸುಪಾಸಿನಲ್ಲಿ ಅದು ಧ್ರುವಕ್ಕೆ ಹತ್ತಿರವಿತ್ತು. ಮಿಂಗ್ ರಾಜರು ಬೀಜಿಂಗಿನಲ್ಲಿ ಅರಮನೆ ಕಟ್ಟುವ ಹೊತ್ತಿಗೆ ಆ ಚಕ್ರವರ್ತಿ ಸಿಂಹಾಸನದಿಂದ ಸಾಕಷ್ಟು ದೂರ ಜಾರಿದ್ದ. ಹೆಸರು ಮಾತ್ರ ಹಾಗೇ ಇತ್ತು.

ಈಗ ಕಟ್ಟಿಸಿದವನ ಕಥೆಗೆ ಬರುತ್ತೇನೆ. ಇದು ನನಗೆ ಬಹಳ ಇಷ್ಟ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಝು ದಿ, ಯೋಂಗ್ಲೆ ಚಕ್ರವರ್ತಿ ಅಂತ ಹೆಸರಾದವನು. ಪಟ್ಟ ಅವನಿಗೆ ಬರಬೇಕಾದದ್ದಲ್ಲ. ಅಣ್ಣನ ಮಗ ಆಗಿನ ರಾಜಧಾನಿ ನಾನ್‌ಜಿಂಗ್‌ನಲ್ಲಿ ಆಳುತ್ತಿದ್ದ. ಚಿಕ್ಕಪ್ಪ ಉತ್ತರದಿಂದ ದಂಡೆತ್ತಿ ಬಂದು 1402ರಲ್ಲಿ ಪಟ್ಟ ಕಿತ್ತುಕೊಂಡ. ಇಂಥವನಿಗೆ ‘ನನ್ನನ್ನು ಕೂರಿಸಿದ್ದು ಆಕಾಶ’ ಅಂತ ಹೇಳಿಕೊಳ್ಳುವ ಅಗತ್ಯ ಜಾಸ್ತಿ. ಹಕ್ಕು ಗಟ್ಟಿಯಿಲ್ಲದವನಿಗೆ ಹೆಸರಾದರೂ ಗಟ್ಟಿ ಬೇಕು. ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. 1406ರಲ್ಲಿ ತನ್ನ ಹಳೆಯ ನೆಲೆಯಾದ ಬೀಜಿಂಗಿನಲ್ಲಿ ಅರಮನೆ ಕಟ್ಟಿಸಲು ಅಪ್ಪಣೆ ಕೊಟ್ಟ. 1420ರಲ್ಲಿ ಮುಗಿಯಿತು. ಅತಿ ದೊಡ್ಡ ಸಭಾಭವನದ ಹೆಸರು ಫೆಂಗ್‌ತಿಯಾನ್, ಅಂದರೆ ಆಕಾಶದ ಆಜ್ಞೆ ಪಾಲಿಸುವ ಭವನ. ಅದು ಅಪ್ಪ ನಾನ್‌ಜಿಂಗ್‌ನಲ್ಲಿ ಇಟ್ಟಿದ್ದ ಹೆಸರೇ.

1421ರ ಚೀನೀ ಹೊಸವರ್ಷಕ್ಕೆ ರಾಜಧಾನಿ ಅಧಿಕೃತವಾಗಿ ಬೀಜಿಂಗಿಗೆ ಬಂತು. ಮೇ ತಿಂಗಳಲ್ಲಿ ಸಿಡಿಲು ಬಡಿಯಿತು. ಎಲ್ಲಿಗೆ? ಆಕಾಶದ ಆಜ್ಞೆ ಪಾಲಿಸುವ ಭವನಕ್ಕೇ! ಪಕ್ಕದ ಎರಡು ಭವನಗಳೂ ಸೇರಿ ಮೂರೂ ಸುಟ್ಟುಹೋದವು. ಆಕಾಶವನ್ನು ಸಾಕ್ಷಿಗೆ ಕರೆದವನಿಗೆ ಆಕಾಶವೇ ಬಂದು ಎದುರು ಸಾಕ್ಷಿ ಹೇಳಿದ ಹಾಗಾಯಿತು. ಚಕ್ರವರ್ತಿ ಹೆದರಿ, ನನ್ನ ತಪ್ಪೇನು ಹೇಳಿ ಅಂತ ಅಧಿಕಾರಿಗಳನ್ನು ಕೇಳಿದ. ಕೇಳಿದ್ದಾರಲ್ಲ ಅಂತ ಅವರೂ ಹೇಳಿದರು. ರಾಜಧಾನಿ ಬದಲಿಸಿದ್ದೇ ತಪ್ಪು ಅಂದ ಶಿಯಾವ್ ಯಿ ಎಂಬ ಅಧಿಕಾರಿಯ ತಲೆ ಹೋಯಿತು. ಮೇಲಿನವರು ‘ಮನಸ್ಸು ಬಿಚ್ಚಿ ಮಾತಾಡಿ’ ಅಂದಾಗ ಏನು ಮಾಡಬೇಕು ಅಂತ ಸಭೆಯಲ್ಲಿರುವ ಸರ್ಕಾರಿ ನೌಕರರಿಗೆ ನಾನು ಹೇಳಬೇಕಾಗಿಲ್ಲ.

ಆ ಮೂರು ಭವನಗಳು ಮತ್ತೆ ಎದ್ದು ನಿಂತದ್ದು ಅವನ ಮರಿಮಗನ ಕಾಲದಲ್ಲಿ. 1557ರಲ್ಲಿ ಇನ್ನೊಮ್ಮೆ ಸುಟ್ಟವು. 1562ರಲ್ಲಿ ಹೊಸ ಹೆಸರು ಬಂತು: ಹುವಾಂಗ್‌ಜಿ, ಝೋಂಗ್‌ಜಿ, ಜಿಯಾನ್‌ಜಿ. ಮೂರರಲ್ಲೂ ಇರುವ ಈ ‘ಜಿ’ ಬೇರೆ ಅಕ್ಷರ, ನೇರಳೆ ಅಲ್ಲ. ಇದು ಉತ್ತರ ಧ್ರುವಕ್ಕೆ ಬಳಸುವ ಅಕ್ಷರ. ನೋಡಿ, ಮತ್ತೆ ಧ್ರುವ!

ನಿಷೇಧ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. 10 ಮೀಟರ್ ಎತ್ತರದ ಗೋಡೆ, 52 ಮೀಟರ್ ಅಗಲದ ಕಂದಕ ಸುಮ್ನೆ ಇರಲಿಲ್ಲ. ಆದರೆ ಜನಸಾಮಾನ್ಯರನ್ನು ಒಳಗೆ ಬಿಡದ ಅರಮನೆ ಎಲ್ಲ ದೇಶದಲ್ಲೂ ಇತ್ತು. ಧ್ರುವದ ಹೆಸರು ಹೊತ್ತದ್ದು ಇದು. ಅದನ್ನು ಬಿಟ್ಟು ಕಾವಲುಗಾರನ ಹೆಸರನ್ನಷ್ಟೇ ನಾವು ಇಟ್ಟುಕೊಂಡೆವು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. 1644ರಲ್ಲಿ ಮಂಚೂಗಳು ಬಂದರು, ಚಿಂಗ್ ವಂಶ. ಹೊರಗಿನಿಂದ ಬಂದವರಲ್ಲವೇ, ಮರುವರ್ಷವೇ ಮೂರು ಭವನಗಳಿಗೂ ‘ಸಾಮರಸ್ಯ’ ಸೇರಿಸಿದರು: ತೈಹೆ, ಝೋಂಗ್‌ಹೆ, ಬಾವ್‌ಹೆ. 1651ರಲ್ಲಿ ಮುಂದಿನ ಹೆಬ್ಬಾಗಿಲಿಗೆ ‘ಶಾಂತಿ’ ಸೇರಿಸಿ ತಿಯಾನ್‌ಆನ್‌ಮೆನ್ ಮಾಡಿದರು. ಉತ್ತರದ ಬಾಗಿಲಿನ ಕಥೆ ಇನ್ನೂ ಮಜಾ. ಅದಕ್ಕೆ ಉತ್ತರ ದಿಕ್ಕಿನ ದೇವರಾದ ಶುವಾನ್‌ವು ಹೆಸರಿತ್ತು. ಹಾವು ಸುತ್ತಿಕೊಂಡ ಆಮೆ ಅವನು. ಕಾಂಗ್‌ಶಿ ಚಕ್ರವರ್ತಿಯ ಸ್ವಂತ ಹೆಸರು ಶುವಾನ್‌ಯೆ. ದೊರೆಯ ಹೆಸರಿನ ಅಕ್ಷರ ಬರೆಯುವ ಹಾಗಿಲ್ಲ, ಹಾಗಾಗಿ ದೇವರೇ ಹೆಸರು ಬಿಟ್ಟುಕೊಡಬೇಕಾಯಿತು. ಬಾಗಿಲು ಶೆನ್‌ವುಮೆನ್ ಆಯಿತು. ಮಕ್ಕಳು ಬಾಯಿಪಾಠ ಮಾಡುವ ಸಾವಿರ ಅಕ್ಷರಗಳ ಪದ್ಯದ ಮೊದಲ ಸಾಲಿನಲ್ಲೂ ಆ ಅಕ್ಷರ ಬದಲಾಯಿತು.

ಕೊನೆಯ ಚಕ್ರವರ್ತಿ ಪುಯಿ 1912ರಲ್ಲಿ ಪಟ್ಟ ಬಿಟ್ಟ, 1924ರ ನವೆಂಬರ್‌ನಲ್ಲಿ ಅರಮನೆಯನ್ನೂ ಬಿಡಬೇಕಾಯಿತು. 1925ರ ಅಕ್ಟೋಬರ್ 10ರಂದು ಅದು ಮ್ಯೂಸಿಯಂ ಆಗಿ ಜನರಿಗೆ ತೆರೆಯಿತು. ಇವತ್ತು ಬೀಜಿಂಗಿನವರು ಅದಕ್ಕೆ ಗುಗೊಂಗ್ ಅನ್ನುತ್ತಾರೆ. ಹಳೆಯ ಅರಮನೆ, ಅಷ್ಟೇ. ದೇವರು ಹೆಸರು ಬಿಟ್ಟುಕೊಟ್ಟ ಆ ಉತ್ತರದ ಬಾಗಿಲ ಮೇಲೆ ಈಗ ಮ್ಯೂಸಿಯಂ ಬೋರ್ಡು ಇದೆ.

ಒಳಗಿನ ಭವನಗಳ ಫಲಕದಲ್ಲಿ ಮಂಚೂ ಲಿಪಿ ಇದೆ, ಹೊರಗಿನ ಮೂರು ದೊಡ್ಡ ಭವನಗಳಲ್ಲಿ ಬರೀ ಚೀನೀ. ಅದನ್ನೂ ಹೇಳಬೇಕೆಂದಿದ್ದೆ. ಚಹಾಕ್ಕೆ ಕರೆಯುತ್ತಿದ್ದಾರೆ, ಅಲ್ಲೇ ಕೇಳಿ.