ಕಾಸರಗೋಡಿನ ಮಳೆಯಲ್ಲಿ ನಡೆಯುವವರಿಗೆ ಎಂಥ ಜಾಕೆಟ್ ಬೇಕು

ನಮಸ್ಕಾರ. ಪರದೆಯ ಮೇಲೆ ನೀವು ಈಗ ನೋಡುತ್ತಿರುವುದು ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆ. ಪಡುವಣಕ್ಕೆ ತೆರೆದುಕೊಂಡಿರುವ ಈ ಗುಡ್ಡದ ನೆತ್ತಿಯಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಮೇಲಿನಿಂದ ಬೀಳುವುದಕ್ಕಿಂತ ಹೆಚ್ಚಾಗಿ ಅಡ್ಡಡ್ಡವಾಗಿ ಬರುತ್ತದೆ. ಕೊಡೆ ಬಿಡಿಸಿದ ಕೂಡಲೇ ಗಾಳಿ ಅದನ್ನು ಮಗುಚಿ ಹಾಕುತ್ತದೆ. ಸ್ಕೂಟರ್ ಸವಾರಿಗೆಂದು ಕೊಂಡ ದಪ್ಪ ರೈನ್‌ಕೋಟ್ ಹೊರಗಿನ ನೀರನ್ನು ತಡೆಯುತ್ತದೆ ನಿಜ, ಆದರೆ ಅದನ್ನು ತೊಟ್ಟು ಗುಡ್ಡ ಹತ್ತಿದವರ ಅಂಗಿ ಬೆವರಿನಿಂದಲೇ ತೊಯ್ದು ಮೈಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಮಳೆಗಾಲದಲ್ಲೂ ನಡೆಯುವ, ಓಡುವ, ಸೈಕಲ್ ತುಳಿಯುವ, ಗುಡ್ಡ ಹತ್ತುವ ನಮ್ಮಂಥವರು ಹಗುರವಾದ, ಎಳೆದರೆ ಹಿಗ್ಗುವ ಬಟ್ಟೆಯ ಮಳೆ ಜಾಕೆಟ್ಟನ್ನು ಆರಿಸುವುದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ಸಾವಧಾನವಾಗಿ ನೋಡೋಣ.

ಜಾಕೆಟ್ಟಿಗಿಂತ ಮೊದಲು ನಮ್ಮ ಮಳೆಯನ್ನು ಅರ್ಥ ಮಾಡಿಕೊಳ್ಳಬೇಕು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಜಡಿಮಳೆಯ ದಿನಗಳಲ್ಲಿಯೂ ಹಗಲಿನ ಉಷ್ಣತೆ 27–28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಗಾಳಿಯ ತೇವಾಂಶ ಶೇಕಡಾ 90ನ್ನು ದಾಟಿರುತ್ತದೆ. ಮಳೆ ಜಾಕೆಟ್‌ಗಳ ಬಗ್ಗೆ ನಾವು ನೋಡುವ ಹೆಚ್ಚಿನ ವಿಮರ್ಶೆಗಳು ತಂಪು ದೇಶಗಳಿಂದ ಬಂದವು. ಅಲ್ಲಿ ಮಳೆ ಎಂದರೆ ಚಳಿಯೂ ಹೌದು. ನಮ್ಮಲ್ಲಿ ಮಳೆ ಎಂದರೆ ಸೆಕೆಯೂ ಹೌದು. ಆಯ್ಕೆಯ ಎಲ್ಲ ಕಷ್ಟವೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

‘ಉಸಿರಾಡುವ ಬಟ್ಟೆ’ ಎಂದು ಜಾಹೀರಾತಿನಲ್ಲಿ ಹೇಳುತ್ತಾರಲ್ಲ, ಆ ಬಟ್ಟೆ ತಾನಾಗಿ ಬೆವರನ್ನು ಹೊರಗೆ ತಳ್ಳುವುದಿಲ್ಲ. ಜಾಕೆಟ್ಟಿನ ಒಳಗಿನ ನೀರಾವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟರ ಮಟ್ಟಿಗೆ ಆವಿ ಬಟ್ಟೆಯ ಮೂಲಕ ಹೊರಗೆ ಹಾಯುತ್ತದೆ, ಅಷ್ಟೆ. ಬೆವರಿದ ಚರ್ಮದ ಉಷ್ಣತೆ 34 ಡಿಗ್ರಿ ಎಂದಿಟ್ಟುಕೊಂಡರೆ ಅಲ್ಲಿನ ಆವಿಯ ಒತ್ತಡ ಸುಮಾರು 5.3 ಕಿಲೋಪಾಸ್ಕಲ್. 5 ಡಿಗ್ರಿಯ ತಂಪು ಮಳೆಯ ಗಾಳಿಯಲ್ಲಿ ಅದು 0.8ರಷ್ಟು ಮಾತ್ರ ಇರುವುದರಿಂದ ಒಳಗಿಗೂ ಹೊರಗಿಗೂ ನಾಲ್ಕೂವರೆಯಷ್ಟು ಅಂತರವಿರುತ್ತದೆ. ನಮ್ಮ ಜುಲೈಯ 27 ಡಿಗ್ರಿಯ ತೇವದ ಗಾಳಿಯಲ್ಲಾದರೋ ಅದು 3.4ರ ಹತ್ತಿರ, ಅಂತರ ಎರಡನ್ನೂ ಮುಟ್ಟುವುದಿಲ್ಲ. ಎಂದರೆ ಅದೇ ಜಾಕೆಟ್ ತಂಪು ದೇಶದಲ್ಲಿ ಮಾಡುವ ಕೆಲಸದ ಅರ್ಧದಷ್ಟನ್ನೂ ಕುಂಬಳೆಯಲ್ಲಿ ಮಾಡಲಾರದು. ಇದು ತಯಾರಕರ ದೋಷವಲ್ಲ, ನಮ್ಮ ಹವೆಯ ಗುಣ.

ಈಗ ಚೀಟಿಯಲ್ಲಿ ಅಚ್ಚಾಗಿರುವ ಅಂಕಿಗಳಿಗೆ ಬರೋಣ. ಸಾಮಾನ್ಯವಾಗಿ ಅಲ್ಲಿ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ನೀರು ತಡೆಯುವ ಶಕ್ತಿ: 10,000 ಮಿಲಿಮೀಟರ್ ಎಂದಿದ್ದರೆ ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದಷ್ಟು ಒತ್ತಡದವರೆಗೆ ಅದು ಸೋರುವುದಿಲ್ಲ ಎಂದರ್ಥ. ಬೀಳುವ ಮಳೆಹನಿಯ ಒತ್ತಡ ಇದಕ್ಕಿಂತ ಬಹಳ ಕಡಿಮೆ; ಬೆನ್ನುಚೀಲದ ಪಟ್ಟಿ ಭುಜವನ್ನು ಒತ್ತುವಲ್ಲಿ, ಒದ್ದೆ ಕಲ್ಲಿನ ಮೇಲೆ ಕೂತಲ್ಲಿ, ಮೊಣಕೈ ಊರಿದಲ್ಲಿ ಮಾತ್ರ ಒತ್ತಡ ಏರುತ್ತದೆ. ಭಾರದ ಚೀಲ ಹೊರುವವರಿಗೆ 10,000ಕ್ಕಿಂತ ಹೆಚ್ಚಿನದು ಒಳ್ಳೆಯದು, ಬರಿಗೈಯಲ್ಲಿ ಓಡುವವರಿಗೆ ಅಷ್ಟೇ ಧಾರಾಳ ಸಾಕು.

ಎರಡನೆಯ ಸಂಖ್ಯೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೊರಹೋಗುತ್ತದೆ ಎಂಬ ಲೆಕ್ಕ ಅದು. ಇದನ್ನು ಅಳೆಯುವ ವಿಧಾನಗಳು ಹಲವು. ಜಪಾನಿನ ಮಾನದಂಡವೊಂದರಲ್ಲೇ ಎ1, ಬಿ1 ಎಂಬ ಬೇರೆ ಬೇರೆ ಪರೀಕ್ಷೆಗಳಿದ್ದು, ಒಂದೇ ಬಟ್ಟೆ ಒಂದರಲ್ಲಿ ಸಾಧಾರಣವಾಗಿಯೂ ಇನ್ನೊಂದರಲ್ಲಿ ಬಹಳ ಉತ್ತಮವಾಗಿಯೂ ಕಾಣಬಹುದು. ಯಾವ ಪರೀಕ್ಷೆ ಎಂದು ಹೇಳದೆ 20,000 ಎಂದು ಬರೆದಿರುವ ಜಾಕೆಟ್ಟನ್ನು 15,000 ಎಂದು ಬರೆದಿರುವ ಇನ್ನೊಂದರೊಡನೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಕೆಲವು ತಯಾರಕರು ಆರ್‌ಇಟಿ ಎಂಬ ಅಳತೆಯನ್ನು ಕೊಡುತ್ತಾರೆ. ಅದು ಕಡಿಮೆಯಿದ್ದಷ್ಟೂ ಆವಿ ಸುಲಭವಾಗಿ ಹಾಯುತ್ತದೆ. ಆದರೆ ಆ ಪರೀಕ್ಷೆಯನ್ನು ಕೂಡ ಶೇಕಡಾ 40 ತೇವಾಂಶದ ಗಾಳಿಯಲ್ಲಿ ನಡೆಸುತ್ತಾರೆ. ಶೇಕಡಾ 40 ತೇವಾಂಶದ ಮಳೆಗಾಲ ನಮ್ಮ ಜಿಲ್ಲೆಯ ಮಂಜೇಶ್ವರದಲ್ಲಿಲ್ಲ, ಹೊಸದುರ್ಗದಲ್ಲೂ ಇಲ್ಲ.

ಹಾಗಾದರೆ ನಮಗೆ ದಾರಿ ಯಾವುದು? ಗಾಳಿಯಾಡುವಿಕೆ. ಆವಿ ಬಟ್ಟೆಯನ್ನು ತೂರಿಕೊಂಡು ಹೋಗಲಿ ಎಂದು ಕಾಯುವುದಕ್ಕಿಂತ, ಒಳಗಿನ ಗಾಳಿಯೇ ಹೊರಗೆ ಹೋಗಿ ಹೊಸ ಗಾಳಿ ಒಳಗೆ ಬರುವಂತೆ ಮಾಡುವುದು ಸೆಕೆಯ ನಾಡಿನಲ್ಲಿ ಹೆಚ್ಚು ಫಲ ಕೊಡುತ್ತದೆ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗದ್ದೆಯಲ್ಲಿ ನೇಜಿ ನೆಡುವವರು ತಲೆಯಿಂದ ಬೆನ್ನಿನವರೆಗೆ ಇಳಿಬಿಡುತ್ತಿದ್ದ ಓಲೆಯ ಗೊರಬೆ ಮುಂದುಗಡೆಯೂ ಕೆಳಗಡೆಯೂ ತೆರೆದೇ ಇರುತ್ತಿತ್ತು. ಬಗ್ಗಿದ ಬೆನ್ನಿಗೂ ಓಲೆಗೂ ನಡುವೆ ಗಾಳಿ ಸುಳಿಯುವಷ್ಟು ಜಾಗವಿತ್ತು. ಕಂಕುಳ ಕೆಳಗೆ ಉದ್ದಕ್ಕೆ ತೆರೆಯಬಹುದಾದ ಜಿಪ್ ಇರುವ ಜಾಕೆಟ್ಟನ್ನೇ ನಾನು ಮೊದಲು ಹುಡುಕುವುದು ಈ ಕಾರಣಕ್ಕೆ. ಆ ಜಿಪ್ಪಿನಿಂದ ನಲವತ್ತು, ಐವತ್ತು ಗ್ರಾಂ ಹೆಚ್ಚುವರಿ ತೂಕ ಬರಬಹುದು. ಆ ತೂಕವನ್ನು ಸಂತೋಷದಿಂದ ಹೊರಬೇಕು. ಮುಂಭಾಗದ ಜಿಪ್ಪನ್ನು ಕೆಳಗಿನಿಂದಲೂ ತೆರೆಯಲು ಬರುವಂತಿದ್ದರೆ ಇನ್ನೂ ಒಳ್ಳೆಯದು.

ಹಿಗ್ಗುವ ಬಟ್ಟೆಯ ವಿಷಯ ಇನ್ನಷ್ಟು ವಿವರವಾಗಿ ಹೇಳಬೇಕಾದದ್ದು. ಈ ದೃಶ್ಯವನ್ನು ಗಮನಿಸಿ: ತೋಡಿನ ಮೇಲೆ ಅಡಿಕೆ ಮರದ ಸಂಕ, ಅದರ ಮೇಲೆಲ್ಲ ಪಾಚಿ, ಕೆಳಗೆ ಕೆಂಪು ನೀರು. ದಾಟುವವರ ಎರಡು ಕೈಗಳೂ ಅಗಲವಾಗಿ ಚಾಚಿಕೊಂಡಿವೆ, ಆಧಾರಕ್ಕೆಂದು ಕಟ್ಟಿದ ಬಳ್ಳಿಯನ್ನು ಹಿಡಿಯಲು ಒಂದು ಕೈ ಥಟ್ಟನೆ ಮೇಲಕ್ಕೆ ಹೋಗುತ್ತದೆ. ಹಿಗ್ಗದ ಬಟ್ಟೆಯ ಜಾಕೆಟ್ ಆ ಗಳಿಗೆಯಲ್ಲಿ ಬೆನ್ನಿನ ಮೇಲೆ ಬಿಗಿದು ಕೈಯನ್ನು ಹಿಂದಕ್ಕೆಳೆಯುತ್ತದೆ. ಕೈತುದಿ ಮೊಣಕೈಯತ್ತ ಸರಿದು ಮಣಿಕಟ್ಟು ಬತ್ತಲಾಗುತ್ತದೆ, ಸೊಂಟದ ಅಂಚು ಮೇಲೇರಿ ಅಂಗಿ ಒದ್ದೆಯಾಗುತ್ತದೆ. ಹಿಗ್ಗುವ ಬಟ್ಟೆಯಾದರೆ ಮೈಯೊಡನೆ ತಾನೂ ಚಾಚಿ ಮತ್ತೆ ಮೊದಲಿನ ಅಳತೆಗೆ ಮರಳುತ್ತದೆ. ನಡೆಯುವ ಸುಖದ ಜೊತೆಗೆ ನಡೆಯುವವರ ಸುರಕ್ಷತೆಯೂ ಇದರಲ್ಲಿ ಅಡಗಿದೆ.

ಬಟ್ಟೆಗೆ ಈ ಗುಣ ಬರುವುದು ಎರಡು ಬಗೆಯಲ್ಲಿ. ಒಂದು, ನೂಲಿನೊಡನೆ ಇಲಾಸ್ಟೇನ್ ಎಳೆಯನ್ನು ಸೇರಿಸುವುದು. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ ಜೋಸೆಫ್ ಶಿವರ್ಸ್ ರೂಪಿಸಿದ ಈ ನಾರು ಲೈಕ್ರಾ ಎಂಬ ಹೆಸರಿನಲ್ಲಿ ನಮಗೆಲ್ಲ ಪರಿಚಿತ. ಇನ್ನೊಂದು, ನೈಲಾನ್ ಅಥವಾ ಪಾಲಿಯೆಸ್ಟರ್ ನೂಲನ್ನೇ ಬಿಸಿಯಲ್ಲಿ ಗುಂಗುರಾಗಿಸಿ ನೇಯುವುದು. ಎಳೆದಾಗ ಆ ಗುಂಗುರು ಬಿಚ್ಚಿಕೊಳ್ಳುತ್ತದೆ, ಬಿಟ್ಟಾಗ ಮತ್ತೆ ಸುರುಟಿಕೊಳ್ಳುತ್ತದೆ. ಇಲಾಸ್ಟೇನ್ ಇರುವ ಬಟ್ಟೆ ಹೆಚ್ಚು ಹಿಗ್ಗುತ್ತದೆ, ಆದರೆ ಸ್ವಲ್ಪ ತೂಕ ಹೆಚ್ಚು, ಒಣಗಲು ತಡ, ಬಿಸಿ ಇಸ್ತ್ರಿಯನ್ನೂ ಕ್ಲೋರಿನ್ನನ್ನೂ ತಡೆಯಲಾರದು. ಗುಂಗುರು ನೂಲಿನದು ಅಷ್ಟೊಂದು ಹಿಗ್ಗದಿದ್ದರೂ ಹಗುರ, ಬೇಗ ಒಣಗುತ್ತದೆ. ಆಟಿಯಲ್ಲಿ ಒಂದು ಟವೆಲ್ ಒಣಗುವುದೇ ಕಷ್ಟವಾಗಿರುವ ನಮ್ಮ ಊರಿಗೆ ಎರಡನೆಯದೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊರಬಟ್ಟೆ ಹಿಗ್ಗಿದರಷ್ಟೇ ಸಾಲದು, ಅದರ ಹಿಂದಿರುವ ಜಲನಿರೋಧಕ ಪೊರೆಯೂ ಹಿಗ್ಗಬೇಕು. 1969ರಲ್ಲಿ ರಾಬರ್ಟ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನು ರಭಸದಿಂದ ಎಳೆದು ಅದರಲ್ಲಿ ಅತಿ ಸೂಕ್ಷ್ಮ ರಂಧ್ರಗಳು ಮೂಡುವಂತೆ ಮಾಡಿದ್ದರಿಂದ ಗೋರ್‌ಟೆಕ್ಸ್ ಪೊರೆ ಹುಟ್ಟಿತು. ನೀರಿನ ಹನಿ ದಾಟಲಾರದ, ಆವಿ ದಾಟಬಲ್ಲ ರಂಧ್ರಗಳು ಅವು. ಗಟ್ಟಿಮುಟ್ಟಾದ ಪೊರೆಯಾದರೂ ತಾನಾಗಿ ಅದು ಹೆಚ್ಚು ಹಿಗ್ಗಿ ಮರಳುವಂಥದಲ್ಲ, ಹಿಗ್ಗಿಸಬೇಕಾದರೆ ಅಂಟಿಸುವ ವಿಧಾನದಲ್ಲಿ ವಿಶೇಷ ಏರ್ಪಾಡು ಬೇಕು. ಪಾಲಿಯುರೆಥೇನ್ ಪೊರೆಗೆ ಸಹಜವಾಗಿಯೇ ರಬ್ಬರಿನ ಗುಣವಿದೆ. ಆದ್ದರಿಂದ ಹಿಗ್ಗುವ ಜಾಕೆಟ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಅದೇ, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಪದರಗಳ ವಿಚಾರ. ಎರಡೂವರೆ ಪದರದ್ದೆಂದು ಕರೆಯುವ ಜಾಕೆಟ್ಟಿನಲ್ಲಿ ಒಳಗಡೆ ಬಟ್ಟೆಯಿರುವುದಿಲ್ಲ, ಪೊರೆಯ ಮೇಲೆ ತೆಳುವಾದ ಲೇಪವೋ ಚುಕ್ಕಿಗಳ ಅಚ್ಚೋ ಇರುತ್ತದೆ. 200 ಗ್ರಾಂ ತೂಕದವು ಹೆಚ್ಚಾಗಿ ಇಂಥವೇ. ಗಿಡ್ಡತೋಳಿನ ಬನಿಯನ್ ಮೇಲೆ ಇದನ್ನು ತೊಟ್ಟರೆ ಬರಿದಾದ ಮುಂಗೈಗೆ ಆ ಲೇಪ ಬೆವರಿನೊಡನೆ ಲೊಚಕ್ಕನೆ ಅಂಟಿಕೊಳ್ಳುತ್ತದೆ. ಮೂರು ಪದರದ್ದರಲ್ಲಿ ಒಳಗೆ ನಯವಾದ ತೆಳು ಬಟ್ಟೆ ಇರುವುದರಿಂದ ಬೆವರು ಅದರಲ್ಲಿ ಹರಡಿಕೊಳ್ಳುತ್ತದೆ, ಮೈಗೆ ಅಂಟುವುದಿಲ್ಲ. ತೂಕ ಮುನ್ನೂರು ಗ್ರಾಮಿನ ಆಸುಪಾಸಿಗೆ ಏರುತ್ತದೆ, ಬೆಲೆಯೂ ಏರುತ್ತದೆ. ಚೀಲದ ಮೂಲೆಯಲ್ಲಿ ಆಪತ್ತಿಗೆಂದು ಇಟ್ಟುಕೊಳ್ಳುವುದಕ್ಕೆ ಎರಡೂವರೆ ಪದರ ಸಾಕು, ಮಳೆಯಲ್ಲೇ ಗಂಟೆಗಟ್ಟಲೆ ನಡೆಯುವವರು ಮೂರು ಪದರದ್ದನ್ನೇ ಕೊಳ್ಳಬೇಕು.

ಅಂಗಡಿಯಲ್ಲಿ ನಿಂತಾಗ ಮಾಡಬೇಕಾದ ಪರೀಕ್ಷೆಯನ್ನು ತೋರಿಸುತ್ತಿದ್ದೇನೆ. “ಅಣ್ಣ, ನಿಮಗೆ ಮೀಡಿಯಂ ಸರಿ ಆಗ್ತದೆ” ಎಂದು ಮಾರುವ ಹುಡುಗ ವಿಶ್ವಾಸದಿಂದಲೇ ಹೇಳುತ್ತಾನೆ, ಆದರೆ ಅಳತೆಯನ್ನು ತೀರ್ಮಾನಿಸಬೇಕಾದದ್ದು ನಿಮ್ಮ ಭುಜಗಳು. ಜಾಕೆಟ್ ತೊಟ್ಟು, ಟೋಪಿ ಹಾಕಿ, ನಿಮ್ಮದೇ ಬೆನ್ನುಚೀಲವನ್ನು ಹೆಗಲಿಗೇರಿಸಿ ಎರಡೂ ಕೈಗಳನ್ನು ತಲೆಯ ಮೇಲೆ ಪೂರ್ತಿ ಎತ್ತಿ. ಸೊಂಟದ ಅಂಚು ನಾಲ್ಕು ಬೆರಳಿಗಿಂತ ಹೆಚ್ಚು ಮೇಲೇರಿದರೆ ಕತ್ತರಿಸಿದ ರೀತಿ ಸರಿಯಿಲ್ಲ. ಬಳಿಕ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿ. ಟೋಪಿ ತಲೆಯೊಡನೆ ತಿರುಗದೆ ಕಣ್ಣಿಗೆ ಅಡ್ಡ ಬಂದರೆ ಆ ಜಾಕೆಟ್ಟನ್ನು ಕೆಳಗಿಡಿ. ಕೊಡಿಯಾಲದ, ಎಂದರೆ ಮಂಗಳೂರಿನ, ದೊಡ್ಡ ಅಂಗಡಿಯಲ್ಲಾಗಲಿ ಕಾಸರಗೋಡಿನ ಪೇಟೆಯಲ್ಲಾಗಲಿ ಇಷ್ಟನ್ನು ಮಾಡಿ ನೋಡುವುದಕ್ಕೆ ಸಂಕೋಚಪಡಬೇಡಿ. ಹಿಗ್ಗುತ್ತದೆಯಲ್ಲ ಎಂದು ಮೈಗೆ ಬಿಗಿಯಾದದ್ದನ್ನು ಆರಿಸಬಾರದು. ಒಳಗೆ ಗಾಳಿಗೆ ಜಾಗವಿಲ್ಲದಿದ್ದರೆ ಕಂಕುಳ ಜಿಪ್ ತೆರೆದೂ ಪ್ರಯೋಜನವಿಲ್ಲ.

ಆಮೇಲೆ ಜಾಕೆಟ್ಟನ್ನು ಒಳಮಗ್ಗುಲಾಗಿ ತಿರುಗಿಸಿ ಹೊಲಿಗೆಗಳನ್ನು ನೋಡಿ. ಸೂಜಿ ತೂರಿದ ಪ್ರತಿಯೊಂದು ಕಡೆಯೂ ನೀರಿಗೆ ಬಾಗಿಲು. ಅದನ್ನು ಮುಚ್ಚಲು ಒಳಗಿನಿಂದ ಪಟ್ಟಿ ಅಂಟಿಸಿರುತ್ತಾರೆ. ಕೆಲವು ಅಗ್ಗದ ಜಾಕೆಟ್‌ಗಳಲ್ಲಿ ಭುಜ ಮತ್ತು ಟೋಪಿಯ ಹೊಲಿಗೆಗಳಿಗೆ ಮಾತ್ರ ಪಟ್ಟಿ ಇದ್ದು ಪಕ್ಕದ ಹೊಲಿಗೆಗಳು ತೆರೆದೇ ಇರುತ್ತವೆ. ಅಡ್ಡಮಳೆಯ ಊರಿನವರಿಗೆ ಅದು ಆಗದು, ಎಲ್ಲ ಹೊಲಿಗೆಗಳಿಗೂ ಪಟ್ಟಿ ಬೇಕು. ಪಟ್ಟಿಯು ಬಟ್ಟೆಯಷ್ಟು ಹಿಗ್ಗುವುದಿಲ್ಲವಾದ್ದರಿಂದ ಹೊಲಿಗೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಭುಜದ ನೆತ್ತಿಯಲ್ಲಿ ಹೊಲಿಗೆಯೇ ಬಾರದಂತೆ ಕತ್ತರಿಸಿದ್ದರೆ ಚೀಲದ ಪಟ್ಟಿ ಉಜ್ಜಿದರೂ ಅಲ್ಲಿ ಸೋರುವ ಭಯವಿಲ್ಲ. ಟೋಪಿಗೆ ಸ್ವಲ್ಪ ಗಟ್ಟಿಯಾದ ಮುಂಚಾಚು, ಕೈತುದಿಯನ್ನು ಬಿಗಿಮಾಡಲು ಪಟ್ಟಿ, ಚೀಲದ ಸೊಂಟಪಟ್ಟಿಗಿಂತ ಮೇಲಿರುವ ಜೇಬು, ಇವಿಷ್ಟಿದ್ದರೆ ಸಾಕು.

ಕೊಂಡ ಮೇಲಿನ ಆರೈಕೆಯೂ ಆಯ್ಕೆಯಷ್ಟೇ ಮುಖ್ಯ. ಹೊಸ ಜಾಕೆಟ್ಟಿನ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಜಾರುತ್ತದೆ. ಹೊರಬಟ್ಟೆಗೆ ಬಳಿದ ಜಲವಿಕರ್ಷಕ ಲೇಪದ ಗುಣ ಅದು. ಬೆವರು, ಎಣ್ಣೆ, ಕೆಸರು ಹತ್ತಿ ಆ ಲೇಪ ಮಂಕಾದಾಗ ಹೊರಬಟ್ಟೆ ನೀರು ಕುಡಿದು ಕಪ್ಪಗಾಗುತ್ತದೆ; ಪೊರೆ ಆಗಲೂ ನೀರನ್ನು ತಡೆಯುತ್ತಿರುತ್ತದೆ, ಆದರೆ ಆವಿಯ ಹಾದಿ ಮುಚ್ಚಿಹೋಗಿ ಒಳಗೆಲ್ಲ ಪಸೆಯಾಗುತ್ತದೆ, ತೊಟ್ಟವರು ಜಾಕೆಟ್ ಸೋರುತ್ತಿದೆ ಎಂದುಕೊಳ್ಳುತ್ತಾರೆ. ಈ ಲೇಪಕ್ಕೆ ಬಳಸುತ್ತ ಬಂದ ಫ್ಲೋರಿನ್ ಸಂಯುಕ್ತಗಳು ಪರಿಸರದಲ್ಲಿ ಕರಗದೆ ಉಳಿಯುತ್ತವೆಂಬ ಕಾರಣಕ್ಕೆ ಅವುಗಳ ಬಳಕೆ ಕಡಿಮೆಯಾಗುತ್ತಿದೆ; ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರಿಂದ ಬಟ್ಟೆಗಳಲ್ಲಿ ಅವನ್ನು ನಿರ್ಬಂಧಿಸಿದೆ. ಅದು ಆಗಬೇಕಾದದ್ದೇ. ಆದರೆ ಹೊಸ ಲೇಪಗಳು ಎಣ್ಣೆಯ ಪಸೆಯನ್ನು ಅಷ್ಟಾಗಿ ತಡೆಯುವುದಿಲ್ಲವಾದ್ದರಿಂದ ಜಾಕೆಟ್ಟನ್ನು ಹೆಚ್ಚು ಬಾರಿ ತೊಳೆಯಬೇಕಾಗುತ್ತದೆ. ಸೋಪಿನ ಪುಡಿ, ಬಟ್ಟೆ ಮೃದುವಾಗಿಸುವ ದ್ರವ ಎರಡೂ ಬೇಡ. ಇಂಥ ಬಟ್ಟೆಗೆಂದೇ ಇರುವ ದ್ರವ ಸೋಪಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿ, ಒಣಗಿದ ಮೇಲೆ ಒಳಚೀಟಿಯಲ್ಲಿ ಇಸ್ತ್ರಿಗೆ ಅನುಮತಿಯಿದ್ದರೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಲೇಪ ಮತ್ತೆ ಚುರುಕಾಗುತ್ತದೆ.

ತೋಟವಿರುವವರಿಗೆ ಒಂದು ಮಾತು: ಅಡಿಕೆಗೆ ಮದ್ದು ಬಿಡುವ ದಿನ ಈ ಜಾಕೆಟ್ಟನ್ನು ತೊಡಬೇಡಿ. ಮೈಲುತುತ್ತು, ಸುಣ್ಣದ ನೀಲಿ ಕಲೆ ಬಟ್ಟೆಯಿಂದ ಬಿಡುವುದು ಕಷ್ಟ. ಆ ಕೆಲಸಕ್ಕೆ ಹಳೆಯ ರೈನ್‌ಕೋಟೇ ಸರಿ.

ಪಾಲಿಯುರೆಥೇನ್ ಪೊರೆಗೆ ನಮ್ಮ ಊರಿನಲ್ಲಿ ಮಳೆಗಿಂತ ದೊಡ್ಡ ಶತ್ರು ಮಳೆಗಾಲ ಮುಗಿದ ಮೇಲೆ ಅದನ್ನು ಇಡುವ ಜಾಗ. ಬಿಸಿಯೂ ತೇವವೂ ಕೂಡಿದಲ್ಲಿ ಅದರ ರಾಸಾಯನಿಕ ಬಂಧಗಳು ನಿಧಾನವಾಗಿ ಕಳಚಿಕೊಂಡು, ಒಳಗಿನ ಲೇಪ ಅಂಟಂಟಾಗಿ, ಕೊನೆಗೆ ಹೊಟ್ಟಿನಂತೆ ಉದುರುತ್ತದೆ. ಆದ್ದರಿಂದ ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಕಳೆದು ಬಿಸಿಲು ಬಂದ ಮೇಲೆ ಜಾಕೆಟ್ಟನ್ನು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಅಟ್ಟಕ್ಕೆ ಹಾಕದೆ ಗಾಳಿಯಾಡುವ ಕೋಣೆಯಲ್ಲಿ ಹ್ಯಾಂಗರಿಗೆ ತೂಗುಹಾಕಿ. ಮುಂದಿನ ಮೇ ತಿಂಗಳಲ್ಲಿ ಅದನ್ನು ಒಳಮಗ್ಗುಲಾಗಿ ತಿರುಗಿಸಿ, ಬೂಷ್ಟು ಬಂದಿದೆಯೇ, ಟೋಪಿ ಕೂಡುವಲ್ಲಿ ಮತ್ತು ಕಂಕುಳಲ್ಲಿ ಪಟ್ಟಿಯ ಅಂಚು ಎದ್ದಿದೆಯೇ ಎಂದು ಉಗುರಿನಿಂದ ಮೆಲ್ಲಗೆ ಮುಟ್ಟಿ ನೋಡಿ; ಎದ್ದಿದ್ದರೆ ಹೊಲಿಗೆ ಮುಚ್ಚುವ ಅಂಟನ್ನು ಜೂನ್ ಒಂದಕ್ಕೆ ಮೊದಲೇ ಹಚ್ಚಿ ಒಣಗಿಸಿಬಿಡಿ.