ನಕ್ಷೆ ಬರೆಯೋ ಕಂಪ್ಯೂಟರ್ ಯಾವುದು?

ಕೇಳುಗರಿಗೆ ನಮಸ್ಕಾರ.

ನಾಟಾ ಪರೀಕ್ಷೆ ಬರೆದು ಆರ್ಕಿಟೆಕ್ಚರ್ ಸೀಟು ಸಿಕ್ಕಿತು ಅಂದರೆ ಸಾಕು, ಮನೆಯಲ್ಲಿ ಲ್ಯಾಪ್‌ಟಾಪ್ ಮಾತು ಶುರುವಾಗುತ್ತದೆ. ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಬಜೆಟ್ ಎಷ್ಟು ಸರ್?" ಯಾವ ಸಾಫ್ಟ್‌ವೇರ್ ಓಡಿಸುತ್ತೀರಿ ಅಂತ ಕೇಳುವವರು ಕಡಿಮೆ. ನಿಜವಾಗಿ ಕೇಳಬೇಕಾದದ್ದು ಅದನ್ನೇ.

ಅಪ್ಪ ಅಮ್ಮಂದಿರೇ, ಅವಸರ ಬೇಡ. ಬಿ.ಆರ್ಕ್ ಐದು ವರ್ಷದ ಕೋರ್ಸು. ಶುರುವಿನಲ್ಲಿ ಕೆಲಸವೆಲ್ಲ ಹೆಚ್ಚಾಗಿ ಕೈಯಲ್ಲೇ. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರು, ಪೆನ್ಸಿಲ್ಲು, ಮಾಡೆಲ್ ಕತ್ತರಿಸಲು ಫೋಮ್ ಬೋರ್ಡು. ಅಷ್ಟರಲ್ಲಿ ಸೀನಿಯರ್‌ಗಳ ಪರಿಚಯ ಆಗುತ್ತದೆ, ಕಾಲೇಜಿನಲ್ಲಿ ಏನು ಬಳಸುತ್ತಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಕೊಂಡರೆ ಅದೇ ದುಡ್ಡಿಗೆ ಹೊಸ ಮಾಡೆಲ್ ಲ್ಯಾಪ್‌ಟಾಪ್ ಬರುತ್ತದೆ.

ಈಗ ಸಾಫ್ಟ್‌ವೇರ್ ವಿಷಯ. ನಕ್ಷೆ ಬರೆಯೋ ಆಟೋಕ್ಯಾಡ್ 1982ರಲ್ಲಿ ಬಂದದ್ದು. ಅದರ ಸಮತಲ ನಕ್ಷೆಯಲ್ಲಿ ಗೋಡೆ ಅಂದರೆ ಎರಡು ಗೆರೆ, ಅಷ್ಟೇ. 30-40 ಸೈಟಿನ ಮನೆಯ ಪ್ಲಾನ್ ಬರೆಯಲು ಸಾಧಾರಣ ಕಂಪ್ಯೂಟರ್ ಸಾಕು. ಇಡೀ ಕಟ್ಟಡವನ್ನೇ ಕಂಪ್ಯೂಟರಿನಲ್ಲಿ ಕಟ್ಟೋ ರೆವಿಟ್ ಹಾಗಲ್ಲ. ಅದರಲ್ಲಿ ಗೋಡೆ ಗೋಡೆಯೇ. ಎತ್ತರ, ದಪ್ಪ, ಇಟ್ಟಿಗೆಯೋ ಬ್ಲಾಕೋ, ಮೇಲಿನ ಪ್ಲಾಸ್ಟರು, ಎಲ್ಲ ಅದಕ್ಕೆ ಗೊತ್ತು. ಪ್ಲಾನಿನಲ್ಲಿ ಒಂದು ಕಿಟಕಿ ಅರ್ಧ ಅಡಿ ಸರಿಸಿ ನೋಡಿ. ಎಲಿವೇಶನ್‌ನಲ್ಲೂ, ಅಂದರೆ ಹೊರಗಿನಿಂದ ಕಾಣುವ ಚಿತ್ರದಲ್ಲೂ ಸರಿಯುತ್ತದೆ, ಸೆಕ್ಷನ್‌ನಲ್ಲೂ, ಅಂದರೆ ಕಟ್ಟಡ ಸೀಳಿ ತೋರಿಸುವ ಚಿತ್ರದಲ್ಲೂ ಸರಿಯುತ್ತದೆ. ಕಿಟಕಿಯನ್ನೇ ತೆಗೆದುಹಾಕಿದರೆ ಕಿಟಕಿಗಳ ಪಟ್ಟಿಯಲ್ಲೂ ಒಂದು ಕಡಿಮೆಯಾಗುತ್ತದೆ. ಇಷ್ಟು ಲೆಕ್ಕ ಮಾಡೋ ಹೊತ್ತಿಗೆ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಜನ ದುಡ್ಡು ಸುರಿಯೋದು ತಪ್ಪು ಜಾಗಕ್ಕೆ ಅಂತ ನನಗೆ ಅನ್ನಿಸೋದು ಇಲ್ಲೇ. ರೆವಿಟ್‌ನಲ್ಲಿ ದೊಡ್ಡ ಕಟ್ಟಡದ ಮಾಡೆಲ್ ತೆರೆದಾಗ ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಇಟ್ಟುಕೊಳ್ಳಿ, ಕಂಪ್ಯೂಟರ್ ಎಷ್ಟು ದುಡಿಯುತ್ತಿದೆ ಅಂತ ಅದು ತೋರಿಸುತ್ತದೆ. ಒಂದು ಗೋಡೆ ಎಳೆಯಿರಿ. ಕರ್ಸರ್ ಗಿರಗಿರ ತಿರುಗುತ್ತಿರುತ್ತದೆ, ನೀವು ಕಾಯುತ್ತಿರುತ್ತೀರಿ. ಆದರೆ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕ ಇರುವ ಪ್ರೊಸೆಸರ್ ಬಳಕೆ ನೂರಕ್ಕೆ ಹತ್ತೋ ಹದಿನೈದೋ ಅಂತ ತೋರಿಸುತ್ತದೆ! ಉಳಿದ ಕೋರ್‌ಗಳು ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತವೆ. ಕೆಳಗಿನ ಸಾಲು ಇಟ್ಟಿಗೆ ಇಡದೆ ಮೇಲಿನ ಸಾಲು ಇಡೋಕೆ ಆಗಲ್ಲ, ಅಲ್ವಾ? ಹತ್ತು ಜನ ಗಾರೆಯವರು ಇದ್ದರೂ ಅಷ್ಟೇ. ಮಾಡೆಲಿಂಗ್‌ನ ಬಹುಪಾಲು ಲೆಕ್ಕ ಹಾಗೆ ಒಂದಾದ ಮೇಲೊಂದು ನಡೆಯುವಂಥದ್ದು. ಅದಕ್ಕೆ ಬೇಕಾದದ್ದು ಒಂದೇ ಕೋರ್‌ನ ವೇಗ. ಅಂಗಡಿಯವರು ಕೋರ್ ಎಷ್ಟು ಅಂತ ಹೇಳಿದರೆ, ಒಂದು ಕೋರ್ ಎಷ್ಟು ಜೋರು ಅಂತ ನೀವು ಕೇಳಿ.

ರೆಂಡರಿಂಗ್, ಅಂದರೆ ಮಾಡೆಲನ್ನು ಫೋಟೋದಂಥ ಚಿತ್ರ ಮಾಡೋದು, ಬೇರೆಯೇ ಕತೆ. ವಿ-ರೇ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪ್ರೊಸೆಸರ್ ಮೇಲೆ ಒಂದು ಚಿತ್ರ ರೆಂಡರ್‌ಗೆ ಬಿಟ್ಟರೆ ಎಲ್ಲ ಕೋರ್‌ಗಳೂ ದುಡಿಯುತ್ತವೆ, ಫ್ಯಾನ್ ಸದ್ದು ಪಕ್ಕದ ರೂಮಿಗೂ ಕೇಳುತ್ತದೆ. ಲುಮಿಯನ್, ಎನ್‌ಸ್ಕೇಪ್, ಟ್ವಿನ್‌ಮೋಶನ್ ಇಂಥ ರೆಂಡರಿಂಗ್ ಸಾಫ್ಟ್‌ವೇರ್‌ಗಳು ನಡೆಯೋದು ಗ್ರಾಫಿಕ್ಸ್ ಕಾರ್ಡ್ ಮೇಲೆ. ವಾಕ್‌ಥ್ರೂ, ಅಂದರೆ ಕಟ್ಟಡದೊಳಗೆ ನಡೆದಾಡಿದಂತೆ ತೋರಿಸುವ ವಿಡಿಯೋ ಮಾಡುವವರು ಅಲ್ಲಿ ಖರ್ಚು ಮಾಡಲಿ. ಆದರೆ ಲ್ಯಾಪ್‌ಟಾಪಿನ ಕಾರ್ಡ್ ಹೆಸರು ನೋಡಿ ಮಾತ್ರ ಮರುಳಾಗಬೇಡಿ. ಲ್ಯಾಪ್‌ಟಾಪ್‌ನ ಆರ್‌ಟಿಎಕ್ಸ್ 4060 ಕಾರ್ಡಿಗೆ ತಯಾರಕರು 35ರಿಂದ 115 ವಾಟ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಕಡಿಮೆ ಕೊಡೋದೇ ಜಾಸ್ತಿ. ಹೆಸರು ಒಂದೇ, ವೇಗ ಬೇರೆ.

ರ್‍ಯಾಮ್ 16 ಜಿಬಿ ಇರಲೇಬೇಕು, 32 ಇದ್ದರೆ ನಿರಾಳ. ಆಮೇಲೆ ಹಾಕಿಸಿಕೊಳ್ಳೋಣ ಅನ್ನುವವರು ಸ್ಲಾಟ್ ಇದೆಯಾ ಅಂತ ಈಗಲೇ ಕೇಳಿ. ಎಷ್ಟೋ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಎಸ್‌ಎಸ್‌ಡಿ ಬಗ್ಗೆ ಹೇಳುವಂಥದ್ದೇನಿಲ್ಲ, ಅದಿಲ್ಲದ್ದನ್ನು ಕೊಳ್ಳಬೇಡಿ.

ಆಪಲ್ ಮ್ಯಾಕ್ ಕೇಳುವ ಮಕ್ಕಳೂ ಇದ್ದಾರೆ. ರೆವಿಟ್‌ನಂಥದ್ದೇ ಆದ, ಹಂಗೇರಿಯಲ್ಲಿ ಹುಟ್ಟಿದ ಆರ್ಕಿಕ್ಯಾಡ್ ಅದರಲ್ಲಿ ಚೆನ್ನಾಗಿ ನಡೆಯುತ್ತದೆ. 3ಡಿ ಮಾಡೆಲ್ ಮಾಡೋ ಸ್ಕೆಚ್‌ಅಪ್ ಇದೆ, ಆಟೋಕ್ಯಾಡ್ ಕೂಡ ಇದೆ. ರೆವಿಟ್ ಮಾತ್ರ ವಿಂಡೋಸ್‌ಗೆ ಅಂತಲೇ ಮಾಡಿದ್ದು. ಕಾಲೇಜಿನಲ್ಲಿ ರೆವಿಟ್ ಕಲಿಸುತ್ತಾರೆ ಅಂದರೆ ಮ್ಯಾಕ್ ಆಸೆ ಬಿಡೋದೇ ವಾಸಿ.

ಇನ್ನು ಕೈಗೆ ಸಿಗುವ ಸಾಮಾನು. ಕೀಬೋರ್ಡಿನ ಬಲಕ್ಕೆ ನಂಬರ್ ಪ್ಯಾಡ್ ಇರಲಿ. ದಿನವಿಡೀ ಹೊಡೆಯೋದು ಅಡಿ, ಇಂಚು, ಮಿಲಿಮೀಟರ್ ತಾನೆ. ಚಕ್ರ ಇರುವ ಮೌಸ್ ಬೇಕೇ ಬೇಕು. ಚಕ್ರ ತಿರುಗಿಸಿದರೆ ಜೂಮ್, ಒತ್ತಿ ಹಿಡಿದು ಎಳೆದರೆ ನಕ್ಷೆ ಸರಿಯುತ್ತದೆ. ಟಚ್‌ಪ್ಯಾಡಿನಲ್ಲಿ ಆ ಕೆಲಸ ಮಾಡಿದರೆ ಕೈ ಬಿದ್ದುಹೋಗುತ್ತದೆ.

ಊರಿಗೆ ಹೊತ್ತುಕೊಂಡು ಓಡಾಡಬೇಕಾಗಿಲ್ಲದವರು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಿಕೊಳ್ಳಬಹುದು. ಅದೇ ದುಡ್ಡಿಗೆ ಜೋರಾದ ಯಂತ್ರ ಸಿಗುತ್ತದೆ. ಯುಪಿಎಸ್ ಮಾತ್ರ ಮರೆಯಬೇಡಿ. ಆಟೋಕ್ಯಾಡ್ ತಾನಾಗಿ ಸೇವ್ ಮಾಡೋದು ಹತ್ತು ನಿಮಿಷಕ್ಕೊಮ್ಮೆ. ಒಂಬತ್ತನೇ ನಿಮಿಷಕ್ಕೆ ಕರೆಂಟ್ ಹೋದರೆ ಯಾರನ್ನು ಬೈಯೋದು? ಸೆಟ್ಟಿಂಗ್‌ನಲ್ಲಿ ಅದನ್ನು ಐದಕ್ಕೆ ಇಳಿಸಬಹುದು.

ಸಾಫ್ಟ್‌ವೇರ್ ದುಡ್ಡಿನ ಚಿಂತೆ ವಿದ್ಯಾರ್ಥಿಗಳಿಗೆ ಅಷ್ಟಿಲ್ಲ. ಆಟೋಕ್ಯಾಡ್, ರೆವಿಟ್ ಎರಡನ್ನೂ ಮಾಡುವ ಆಟೋಡೆಸ್ಕ್ ಕಂಪನಿ, ಓದುವವರಿಗೆ ಒಂದು ವರ್ಷದ ಲೈಸೆನ್ಸ್ ಉಚಿತವಾಗಿ ಕೊಡುತ್ತದೆ, ಓದು ಮುಗಿಯುವವರೆಗೆ ವರ್ಷವರ್ಷ ನವೀಕರಿಸಿಕೊಳ್ಳಬಹುದು. 3ಡಿ ಮಾಡೆಲಿಂಗ್, ರೆಂಡರಿಂಗ್ ಎರಡೂ ಮಾಡೋ ಬ್ಲೆಂಡರ್ ಅಂತೂ ಎಲ್ಲರಿಗೂ ಉಚಿತ. ಹೀಗಿರುವಾಗ ಪೆನ್‌ಡ್ರೈವ್‌ನಲ್ಲಿ ಕಳ್ಳ ಕಾಪಿ ತಂದು, ಜೊತೆಗೆ ವೈರಸ್ಸನ್ನೂ ಯಾಕೆ ತರಬೇಕು?

ಇನ್‌ಸ್ಟಾಲ್ ಮಾಡುವ ಮುಂಚೆ ಲ್ಯಾಬಿನಲ್ಲಿ ರೆವಿಟ್ ಯಾವ ವರ್ಷದ್ದು ಅಂತ ವಿಚಾರಿಸಿ, ಅದನ್ನೇ ಹಾಕಿ. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ ರೆವಿಟ್ ಫೈಲ್ ಹಳೆಯದರಲ್ಲಿ ತೆರೆಯೋದೇ ಇಲ್ಲ, ಹಳೆಯದಕ್ಕೆ ಇಳಿಸಿ ಸೇವ್ ಮಾಡುವ ದಾರಿಯೂ ಅದರಲ್ಲಿಲ್ಲ. ಇದು ಗೊತ್ತಾಗೋದು ಸಾಮಾನ್ಯವಾಗಿ ಸಬ್‌ಮಿಶನ್ ದಿನ ಬೆಳಿಗ್ಗೆ.

ನಮಸ್ಕಾರ.